ಊಟ, ಆಟ ಮತ್ತು ನೋಟ: ಪ್ರವಾಸಿಗರ ಸಂಜೆಗಳಲ್ಲಿ ಜನಪದ ಕಲೆಯ ಸ್ಥಿತ್ಯಂತರ

1. ಪ್ರವೇಶ

ಕೊಡಗಿನ ಕಾಫಿ ತೋಟದ ನಡುವಿನ ವಸತಿಧಾಮವಿರಲಿ, ಮೈಸೂರಿನ ದೊಡ್ಡ ಹೋಟೆಲಿನ ಹುಲ್ಲುಹಾಸಿರಲಿ, ಕರಾವಳಿಯ ಕಡಲತಡಿಯ ವಿಹಾರಧಾಮವಿರಲಿ, ಪ್ರವಾಸಿಗರಿಗಾಗಿ ಏರ್ಪಡುವ ‘ಸಾಂಸ್ಕೃತಿಕ ಸಂಜೆ’ಗೆ ಇಂದು ಬಹುಮಟ್ಟಿಗೆ ಒಂದೇ ವಿನ್ಯಾಸವಿದೆ. ಹೊತ್ತು ಮುಳುಗಿದ ಮೇಲೆ ಅತಿಥಿಗಳು ಬಯಲಿನಲ್ಲಿ ಸೇರುತ್ತಾರೆ. ನಡುವೆ ಬೆಂಕಿ ಉರಿಯುತ್ತಿರುತ್ತದೆ. ಡೊಳ್ಳು, ಕಂಸಾಳೆ, ಯಕ್ಷಗಾನ, ಉಮ್ಮತ್ತಾಟ ಮುಂತಾದ ಕಲೆಗಳಲ್ಲಿ ಒಂದೆರಡು ಅರ್ಧಗಂಟೆ ಅಥವಾ ಮುಕ್ಕಾಲು ಗಂಟೆ ಪ್ರದರ್ಶನಗೊಳ್ಳುತ್ತವೆ. ಕೊನೆಯಲ್ಲಿ ಅತಿಥಿಗಳು ಕಲಾವಿದರೊಡನೆ ಹೆಜ್ಜೆ ಹಾಕಿ ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಅನಂತರ ಸ್ಥಳೀಯ ತಿನಿಸುಗಳನ್ನು ಒಳಗೊಂಡ ಊಟ. ಪ್ರದರ್ಶನ ಮತ್ತು ಊಟ ಎರಡೂ ಸೇರಿ ಒಂದೇ ಬೆಲೆ.

ಇಂತಹ ಸಂಜೆಗಳನ್ನು ಕುರಿತು ನಮ್ಮ ಜಾನಪದ ಅಧ್ಯಯನಗಳಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳು ರೂಢಿಯಲ್ಲಿವೆ. ಜನಪದ ಕಲೆ ಸರಕಾಗಿ ಮಾರಾಟವಾಗುತ್ತಿದೆ ಎಂಬ ಆತಂಕ ಒಂದು ಬಗೆಯದು. ಅಳಿವಿನಂಚಿನ ಕಲೆಗೆ ಹೊಸ ಆಶ್ರಯ ಸಿಗುತ್ತಿದೆ ಎಂಬ ಸಮಾಧಾನ ಇನ್ನೊಂದು ಬಗೆಯದು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಮೂಲ ಸನ್ನಿವೇಶದಿಂದ ಪ್ರವಾಸಿಗರ ಅಂಗಳಕ್ಕೆ ಬರುವ ದಾರಿಯಲ್ಲಿ ನಿಶ್ಚಿತವಾಗಿ ಏನು ಬದಲಾಗುತ್ತದೆ, ಏನು ಉಳಿಯುತ್ತದೆ, ಯಾವುದು ಮೊದಲು ಕಳಚಿಕೊಳ್ಳುತ್ತದೆ ಎಂಬುದನ್ನು ಈ ಎರಡೂ ನಿಲುವುಗಳು ಬಿಡಿಸಿ ಹೇಳುವುದಿಲ್ಲ. ಕರ್ನಾಟಕದ ಕೆಲವು ಕಲಾಪ್ರಕಾರಗಳನ್ನು ಹವಾಯಿ ಮತ್ತು ಬಾಲಿ ದ್ವೀಪಗಳ ಅನುಭವದೊಂದಿಗೆ ಇಟ್ಟು ನೋಡಿ, ಈ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ. ಊಟ ಹಾಕುವವರು ಯಾರು ಮತ್ತು ಮಾತು ಎಲ್ಲಿ ಹೋಯಿತು ಎಂಬ ಎರಡು ಸರಳ ಪ್ರಶ್ನೆಗಳನ್ನು ಇಲ್ಲಿ ಪರಿಶೀಲನೆಯ ಮಾನದಂಡಗಳಾಗಿ ಬಳಸಲಾಗಿದೆ.

2. ಊಟ ಮತ್ತು ಆಟ: ಪರಂಪರೆಯಲ್ಲಿನ ಸಂಬಂಧ

ಪ್ರದರ್ಶನದೊಂದಿಗೆ ಊಟವನ್ನು ಜೋಡಿಸಿದ್ದು ಪ್ರವಾಸೋದ್ಯಮದ ಆವಿಷ್ಕಾರವೆಂದು ಭಾವಿಸಬೇಕಾಗಿಲ್ಲ. ಕನ್ನಡ ನಾಡಿನ ಬಹುಪಾಲು ಆಚರಣಾತ್ಮಕ ಕಲೆಗಳಲ್ಲಿ ಊಟವು ಆಟದ ಅವಿಭಾಜ್ಯ ಅಂಗವಾಗಿಯೇ ಇದೆ. ಮೂರು ನಿದರ್ಶನಗಳನ್ನು ಇಲ್ಲಿ ಗಮನಿಸಬಹುದು.

ಮೊದಲನೆಯದು ಕರಾವಳಿಯ ಹರಕೆ ಆಟ. ಕಾಯಿಲೆ ವಾಸಿಯಾದಾಗ, ಮದುವೆ ಕೂಡಿಬಂದಾಗ, ಮನೆ ಕಟ್ಟಿ ಮುಗಿಸಿದಾಗ ಹೊತ್ತ ಹರಕೆಯಂತೆ ಒಬ್ಬ ಗೃಹಸ್ಥ ದೇವಸ್ಥಾನದ ಮೇಳವನ್ನು ತನ್ನ ಊರಿಗೆ ಬರಮಾಡಿಕೊಂಡು ಯಕ್ಷಗಾನ ಬಯಲಾಟ ಆಡಿಸುತ್ತಾನೆ. ಕಟೀಲಿನಂತಹ ಕ್ಷೇತ್ರಗಳ ಮೇಳಗಳಿಂದ ಹರಕೆ ಆಟ ಆಡಿಸಲು ಭಕ್ತರು ವರ್ಷಗಟ್ಟಲೆ ಕಾಯುವುದುಂಟು. ಮೇಳದೊಂದಿಗೆ ದೇವರೂ ಬರುತ್ತದೆ. ಬಣ್ಣದ ಮನೆಯಾದ ಚೌಕಿಯಲ್ಲಿ ದೇವರಿಗೆ ಪೂಜೆಯಾದ ಮೇಲೆಯೇ ಆಟ ರಂಗಕ್ಕೆ ಬರುತ್ತದೆ. ಆ ರಾತ್ರಿ ಸೇವಾಕರ್ತನ ಅಂಗಳದಲ್ಲಿ ಕಲಾವಿದರಿಗೆ ಊಟ, ನೆಂಟರಿಗೆ ಊಟ, ನೋಡಲು ಬಂದ ಊರವರಿಗೂ ಊಟ. ಇಲ್ಲಿ ನೋಡುವವನು ಹಣ ಕೊಡುವುದಿಲ್ಲ. ಹಣ ಕೊಟ್ಟವನು ತನಗಾಗಿ ಆಟವನ್ನು ಕೊಂಡುಕೊಂಡಿಲ್ಲ, ದೇವರಿಗೆ ಸೇವೆಯಾಗಿ ಸಲ್ಲಿಸಿದ್ದಾನೆ. ಊರವರು ಆ ಸೇವೆಯ ಸಾಕ್ಷಿಗಳು.

ಎರಡನೆಯದು ಹಳೆಯ ಮೈಸೂರು ಸೀಮೆಯ ಕಂಸಾಳೆ. ಮಲೆ ಮಹದೇಶ್ವರನ ಒಕ್ಕಲಿನ ದೇವರಗುಡ್ಡರು ಗುರುವಿನಿಂದ ದೀಕ್ಷೆ ಪಡೆದು, ಕಂಚಿನ ತಾಳಗಳನ್ನು ಹಿಡಿದು, ಮನೆಮನೆಯ ಮುಂದೆ ಮಾದಪ್ಪನ ಪದ ಹಾಡಿ ಭಿಕ್ಷೆ ಪಡೆಯುತ್ತಾರೆ. ಹಾಡುವವನ ಜೋಳಿಗೆಗೆ ಬೀಳುವ ರಾಗಿ ಕೂಲಿಯಲ್ಲ, ದಾನವೂ ಅಲ್ಲ. ಕೊಡುವವರ ತಿಳುವಳಿಕೆಯಲ್ಲಿ ಅದು ಮಾದಪ್ಪನಿಗೆ ಸಲ್ಲಿದ್ದು. ಒಕ್ಕಲಿನವರು ಮನೆಯಲ್ಲಿ ಮಾದಪ್ಪನ ಹೆಸರಿನಲ್ಲಿ ಪರ ಮಾಡಿದಾಗ ದೇವರಗುಡ್ಡರನ್ನು ಕರೆಸಿ, ಅವರಿಗೆ ಎಡೆ ಇಟ್ಟು, ಬಂಧುಬಳಗದೊಂದಿಗೆ ಉಣ್ಣುತ್ತಾರೆ. ಉಣಿಸದೆ ಹಾಡಿಸುವುದು ಈ ಪರಂಪರೆಯಲ್ಲಿ ಊಹೆಗೆ ನಿಲುಕದ ಸಂಗತಿ.

ಮೂರನೆಯದು ಕೊಡಗಿನ ಪುತ್ತರಿ. ನವೆಂಬರ್–ಡಿಸೆಂಬರ್ ತಿಂಗಳ ಹುಣ್ಣಿಮೆಯ ಆಸುಪಾಸಿನಲ್ಲಿ ಬರುವ ಈ ಸುಗ್ಗಿಹಬ್ಬದ ರಾತ್ರಿ ಗದ್ದೆಯಿಂದ ಕದಿರು ತೆಗೆದು ಐನ್‌ಮನೆಗೆ ತರಲಾಗುತ್ತದೆ. ಹೊಸ ಅಕ್ಕಿಯ ಪಾಯಸವನ್ನೂ ತಂಬಿಟ್ಟನ್ನೂ ಒಕ್ಕದವರೆಲ್ಲ ಕೂಡಿ ಉಣ್ಣುತ್ತಾರೆ. ಮುಂದಿನ ದಿನಗಳಲ್ಲಿ ಮಂದ್‌ಗಳಲ್ಲಿ ಕೋಲಾಟ ನಡೆಯುತ್ತದೆ. ಇಲ್ಲಿ ಕಲಾವಿದ ಮತ್ತು ಪ್ರೇಕ್ಷಕ ಎಂಬ ವಿಭಜನೆ ಗಟ್ಟಿಯಾಗಿಲ್ಲ. ಇಂದು ನೋಡಿದವನು ನಾಳೆ ಆಡುತ್ತಾನೆ. ಉಣ್ಣುವ ಅನ್ನ ತಾನೇ ಬೆಳೆದ ಗದ್ದೆಯದು, ಕುಣಿತ ಆ ಬೆಳೆಯ ಸಂಭ್ರಮ.

ಈ ಮೂರೂ ನಿದರ್ಶನಗಳಲ್ಲಿ ಊಟವು ಒಂದು ಸಂಬಂಧವನ್ನು ಸೂಚಿಸುತ್ತದೆ. ಹರಕೆ ಆಟದಲ್ಲಿ ಅದು ಗೃಹಸ್ಥ, ದೇವರು ಮತ್ತು ಊರಿನ ನಡುವಿನ ಸಂಬಂಧ. ಕಂಸಾಳೆಯಲ್ಲಿ ಒಕ್ಕಲು ಮತ್ತು ಗುಡ್ಡನ ನಡುವಿನದು. ಪುತ್ತರಿಯಲ್ಲಿ ನೆಲ ಮತ್ತು ಒಕ್ಕದ ನಡುವಿನದು. ಪ್ರವಾಸಿಗರ ಸಂಜೆಯಲ್ಲಿ ಬೆಂಕಿ, ವಾದ್ಯ, ವೇಷ, ಊಟ ಎಂಬ ಘಟಕಗಳೆಲ್ಲ ಹಾಗೆಯೇ ಇರುತ್ತವೆ. ಸಂಬಂಧದ ದಿಕ್ಕು ಮಾತ್ರ ತಿರುಗಿರುತ್ತದೆ. ಉಣ್ಣುವವನೇ ಹಣ ಕೊಡುತ್ತಾನೆ. ಉಣಿಸುವ ಸಂಸ್ಥೆ ಆತಿಥೇಯನ ಹೆಸರು ಪಡೆಯುತ್ತದೆ. ಯಾರ ಹೆಸರಿನಲ್ಲಿ ಆತಿಥ್ಯ ನಡೆಯುತ್ತಿದೆಯೋ ಆ ಸಮುದಾಯದ ಕಲಾವಿದ ಆತಿಥೇಯನೂ ಅಲ್ಲ, ಅತಿಥಿಯೂ ಅಲ್ಲ. ಅತಿಥಿಗಳ ಪಂಕ್ತಿಯಲ್ಲಿ ಅವನಿಗೆ ಎಲೆ ಇರುವುದಿಲ್ಲ. ಸೇವಾಕರ್ತನ ಅಂಗಳದಲ್ಲಿ ಮೊದಲಿಗೆ ಉಣ್ಣುತ್ತಿದ್ದವನು ಇಲ್ಲಿ ಬಣ್ಣ ಒರೆಸಿಕೊಂಡು ಕೊನೆಯಲ್ಲಿ ಉಣ್ಣುತ್ತಾನೆ. ಕಲಾವಿದನ ಗೌರವದ ಪ್ರಶ್ನೆಯನ್ನು ಸಂಭಾವನೆಯ ಮೊತ್ತಕ್ಕೆ ಸೀಮಿತಗೊಳಿಸಿ ನೋಡುವಾಗ ಈ ಅಂಶ ಕಣ್ತಪ್ಪುತ್ತದೆ.

3. ಹವಾಯಿಯ ‘ಲೂವಾವ್’: ಒಂದು ತೌಲನಿಕ ನಿದರ್ಶನ

ಸಂಜೆಯ ಪ್ರದರ್ಶನ ಮತ್ತು ಔತಣ ಎರಡನ್ನೂ ಕೂಡಿಸಿ ಪ್ರವಾಸಿಗರಿಗೆ ನೀಡುವ ಪದ್ಧತಿಗೆ ಜಗತ್ತಿನಲ್ಲಿ ಹೆಸರಾಂತ ಉದಾಹರಣೆ ಹವಾಯಿ ದ್ವೀಪಗಳ ‘ಲೂವಾವ್’. ಅದರ ಚರಿತ್ರೆ ಕುತೂಹಲಕಾರಿಯಾಗಿದೆ. ‘ಲೂವಾವ್’ ಎಂಬುದು ಮೂಲತಃ ಕೆಸುವಿನ ಎಳೆಯ ಎಲೆಯ ಹೆಸರು. ಆ ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಮಾಡುವ ಅಡುಗೆಗೂ, ಮುಂದೆ ಆ ಅಡುಗೆ ಬಡಿಸುವ ಔತಣಕ್ಕೂ ಅದೇ ಹೆಸರು ಬಂದಿತು. ಮಳೆಗಾಲದಲ್ಲಿ ಕೆಸುವಿನ ಎಲೆಯ ಪತ್ರೊಡೆ ಮಾಡುವ ಕರಾವಳಿ ಮತ್ತು ಮಲೆನಾಡಿನ ಓದುಗರಿಗೆ ಈ ಎಲೆ ಅಪರಿಚಿತವಲ್ಲ. ಕೆಸುವಿನ ಗೆಡ್ಡೆಯನ್ನು ಜಜ್ಜಿ ಮಾಡುವ ‘ಪೋಯ್’ ಹವಾಯಿಯ ಮೂಲನಿವಾಸಿಗಳ ಮುಖ್ಯ ಆಹಾರವಾಗಿತ್ತು.

ಹಳೆಯ ಹವಾಯಿಯಲ್ಲಿ ‘ಕಪು’ ಎಂಬ ನಿಷೇಧವ್ಯವಸ್ಥೆ ಜಾರಿಯಲ್ಲಿತ್ತು. ಅದರಂತೆ ಗಂಡಸರು ಮತ್ತು ಹೆಂಗಸರು ಒಟ್ಟಿಗೆ ಕುಳಿತು ಉಣ್ಣುವಂತಿರಲಿಲ್ಲ. ಹಂದಿಯ ಮಾಂಸ, ತೆಂಗು, ಕೆಲವು ಜಾತಿಯ ಬಾಳೆಹಣ್ಣು ಹೆಂಗಸರಿಗೆ ನಿಷಿದ್ಧವಾಗಿದ್ದವು. 1819ರಲ್ಲಿ ರಾಜ ಎರಡನೆಯ ಕಾಮೆಹಮೆಹಾ ರಾಜಮನೆತನದ ಸ್ತ್ರೀಯರೊಂದಿಗೆ ಕುಳಿತು ಉಂಡದ್ದು ಆ ವ್ಯವಸ್ಥೆಯ ಕುಸಿತಕ್ಕೆ ಕಾರಣವಾಯಿತು. ಅಂದರೆ ಇಂದು ‘ಪುರಾತನ ಸಂಪ್ರದಾಯ’ವೆಂದು ಪ್ರವಾಸಿಗರಿಗೆ ತೋರಿಸಲಾಗುವ ಸಹಪಂಕ್ತಿ ಭೋಜನ ವಾಸ್ತವದಲ್ಲಿ ಒಂದು ಸಂಪ್ರದಾಯವನ್ನು ಮುರಿದ ಘಟನೆಯಿಂದ ಹುಟ್ಟಿದ್ದು. ಕೂಡಿ ಉಣ್ಣುವುದು ಎಷ್ಟು ದೊಡ್ಡ ಸಾಮಾಜಿಕ ಕ್ರಿಯೆ ಎಂಬುದನ್ನು ಕಲ್ಯಾಣದ ಶರಣರ ಚರಿತ್ರೆಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಔತಣದೊಂದಿಗೆ ಬರುವ ‘ಹುಲಾ’ ನೃತ್ಯದ ಕಥೆಯೂ ಇಷ್ಟೇ ಸಂಕೀರ್ಣವಾದುದು. ಕ್ರೈಸ್ತಮತ ಸ್ವೀಕರಿಸಿದ ರಾಣಿ ಕಾಅಹುಮಾನು 1830ರಲ್ಲಿ ಹುಲಾದ ಸಾರ್ವಜನಿಕ ಪ್ರದರ್ಶನವನ್ನು ನಿಷೇಧಿಸಿದಳು. 1874ರಿಂದ 1891ರವರೆಗೆ ಆಳಿದ ರಾಜ ಕಲಾಕಾವುವಾ ಅದಕ್ಕೆ ಮತ್ತೆ ರಾಜಾಶ್ರಯ ನೀಡಿದನು. 1893ರಲ್ಲಿ ರಾಜಪ್ರಭುತ್ವ ಉರುಳಿತು, 1898ರಲ್ಲಿ ದ್ವೀಪಗಳು ಅಮೆರಿಕದ ವಶವಾದವು. 1896ರ ಕಾನೂನಿನಂತೆ ಶಾಲೆಗಳ ಬೋಧನಾ ಮಾಧ್ಯಮ ಇಂಗ್ಲಿಷ್ ಆಯಿತು. ಪ್ರವಾಸಿಗರಿಗಾಗಿ ಹುಲಾ ಬೆಳೆದದ್ದು ಈ ಹಿನ್ನೆಲೆಯಲ್ಲಿ. 1937ರಲ್ಲಿ ಹೊನೊಲುಲುವಿನ ವೈಕೀಕಿಯಲ್ಲಿ ಆರಂಭವಾಗಿ 2002ರವರೆಗೆ ನಡೆದ ‘ಕೊಡಾಕ್ ಹುಲಾ ಷೋ’ ಹಗಲು ಹೊತ್ತಿನಲ್ಲಿಯೇ ನಡೆಯುತ್ತಿತ್ತು. ಪ್ರವಾಸಿಗರು ಬಿಸಿಲಿನಲ್ಲಿ ಚೆನ್ನಾಗಿ ಛಾಯಾಚಿತ್ರ ತೆಗೆದುಕೊಳ್ಳಲಿ ಎಂಬುದು ಅದರ ಉದ್ದೇಶ. ಪ್ರದರ್ಶನದ ಹೊತ್ತನ್ನು ಪಂಚಾಂಗಕ್ಕೆ ಬದಲಾಗಿ ಕ್ಯಾಮೆರಾ ನಿರ್ಧರಿಸಿದ್ದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ದೊರೆಯಲಾರದು. ಇಂದಿನ ಲೂವಾವ್‌ಗಳಲ್ಲಿ ಪ್ರೇಕ್ಷಕರನ್ನು ಬಹುವಾಗಿ ಸೆಳೆಯುವ ಬೆಂಕಿಕತ್ತಿಯ ಕುಣಿತ ಹವಾಯಿಯದೇ ಅಲ್ಲ, ಸಮೋವಾ ದ್ವೀಪಗಳ ಕಡೆಯಿಂದ ಬಂದದ್ದು. ಪ್ರವಾಸಿಯ ಕಣ್ಣಿಗೆ ಪೆಸಿಫಿಕ್ ಸಾಗರದ ದ್ವೀಪಗಳೆಲ್ಲ ಒಂದೇ ಆಗಿ ಕಾಣುವುದರಿಂದ ಈ ಬೆರಕೆ ಸಾಧ್ಯವಾಯಿತು. ಬಯಲುಸೀಮೆಯ ಡೊಳ್ಳು, ಮೈಸೂರಿನ ಕಂಸಾಳೆ ಮತ್ತು ಕರಾವಳಿಯ ವೇಷ ಒಂದೇ ವೇದಿಕೆಯ ಮೇಲೆ ‘ಕರ್ನಾಟಕದ ಸಂಸ್ಕೃತಿ’ಯಾಗಿ ಕಾಣಿಸಿಕೊಳ್ಳುವುದರ ಹಿಂದೆಯೂ ಇದೇ ತರ್ಕವಿದೆ.

4. ಮೊದಲು ಕಳಚುವುದು ಮಾತು

ಹವಾಯಿಯ ಹುಲಾಕ್ಕೆ ಆಧಾರವಾದುದು ‘ಮೆಲೆ’, ಅಂದರೆ ಹಾಡುಗಬ್ಬ. ಕೈಯ ಚಲನೆ, ಹೆಜ್ಜೆ, ದೃಷ್ಟಿ ಎಲ್ಲವೂ ಆ ಕಾವ್ಯದ ಮಾತುಗಳಿಗೆ ವ್ಯಾಖ್ಯಾನ. ಮಾತು ಅರ್ಥವಾಗದ ಪ್ರವಾಸಿಗರ ಮುಂದೆ ಕಾವ್ಯ ಹಿಂದೆ ಸರಿದು ಸೊಂಟದ ಚಲನೆ ಮುಂದೆ ಬಂದಿತು. ಹವಾಯಿ ಭಾಷೆಯ ಮೆಲೆಗಳ ಜಾಗದಲ್ಲಿ ಇಂಗ್ಲಿಷ್ ಪದಗಳ ಲಘುಗೀತೆಗಳು ಬಂದವು. ಕರ್ನಾಟಕದ ಕಲೆಗಳಲ್ಲಿಯೂ ಇದೇ ಪ್ರಕ್ರಿಯೆ ನಡೆಯುತ್ತಿದೆ ಎಂಬುದನ್ನು ಕನ್ನಡ ವಿಭಾಗಗಳು ವಿಶೇಷವಾಗಿ ಗಮನಿಸಬೇಕು.

ಕಂಸಾಳೆಯಲ್ಲಿ ಎರಡು ಮುಖಗಳಿವೆ. ಒಂದು ಕುಳಿತು ಹಾಡುವ ಕಥನ. ಮುಖ್ಯ ಗಾಯಕ ಮತ್ತು ಹಿಮ್ಮೇಳದವರು ಸೇರಿ ಮಹದೇಶ್ವರನ ಕಾವ್ಯದ ಸಾಲುಗಳನ್ನು ರಾತ್ರಿಯಿಡೀ ಹಾಡುತ್ತಾರೆ. ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು ಮುಂತಾದವು ಕನ್ನಡದ ಮೌಖಿಕ ಮಹಾಕಾವ್ಯ ಪರಂಪರೆಯ ಶ್ರೇಷ್ಠ ಭಾಗಗಳೆಂದು ವಿದ್ವಾಂಸರು ಗುರುತಿಸಿದ್ದಾರೆ. ಇನ್ನೊಂದು ಬೀಸು ಕಂಸಾಳೆ. ತಾಳಗಳನ್ನು ಬೀಸುತ್ತ, ಬಾಗುತ್ತ, ಒಬ್ಬರ ಮೇಲೊಬ್ಬರು ಏರುತ್ತ ತೋರುವ ಕಸರತ್ತಿನ ಕುಣಿತ. ಪ್ರವಾಸಿಗರ ಸಂಜೆಗೆ ಆಯ್ಕೆಯಾಗುವುದು ಎರಡನೆಯದು ಮಾತ್ರ. ಗಂಡನ ಅನುಮಾನದ ಬೆಂಕಿಯಲ್ಲಿ ಬೇಯುವ ಸಂಕಮ್ಮನ ಸಂಕಟವನ್ನು ಮುಕ್ಕಾಲು ಗಂಟೆಯಲ್ಲಿ, ಭಾಷೆ ತಿಳಿಯದವರಿಗೆ, ಊಟದ ಮುಂಚಿನ ರಂಜನೆಯಾಗಿ ಹೇಳಲು ಬರುವುದಿಲ್ಲ. ಬೇಡಿಕೆ ಕುಣಿತಕ್ಕೆ ಮಾತ್ರ ಇರುವಾಗ ಹೊಸ ತಲೆಮಾರಿನ ಕಲಾವಿದ ಕುಣಿತವನ್ನು ಕಲಿಯುತ್ತಾನೆ. ಸಾವಿರಾರು ಸಾಲುಗಳ ಕಾವ್ಯವನ್ನು ಬಾಯಿಗೆ ತಂದುಕೊಳ್ಳಲು ಬೇಕಾದ ವರ್ಷಗಳ ಶ್ರಮಕ್ಕೆ ಪ್ರತಿಫಲ ಇರುವುದಿಲ್ಲ.

ಯಕ್ಷಗಾನದ ವಿಷಯದಲ್ಲಿ ಇದು ಇನ್ನಷ್ಟು ಸ್ಪಷ್ಟವಾಗಿದೆ. ಪ್ರಸಂಗದ ಪದ್ಯವನ್ನು ಭಾಗವತ ಹಾಡಿದ ಮೇಲೆ ವೇಷಧಾರಿ ತನ್ನ ಸ್ವಂತ ಮಾತಿನಲ್ಲಿ ಅರ್ಥ ಹೇಳುತ್ತಾನೆ. ಬರೆದಿಟ್ಟ ಸಂಭಾಷಣೆ ಅಲ್ಲಿಲ್ಲ. ಒಂದೇ ಪ್ರಸಂಗದ ಒಂದೇ ಪಾತ್ರ ಎರಡು ರಾತ್ರಿಗಳಲ್ಲಿ ಎರಡು ಬಗೆಯಾಗಿ ವಾದಿಸಬಲ್ಲದು. ಈ ಆಶು ಮಾತುಗಾರಿಕೆಯೇ ಯಕ್ಷಗಾನವನ್ನು ಕನ್ನಡದ ವೈಚಾರಿಕ ರಂಗಭೂಮಿಯನ್ನಾಗಿ ಮಾಡಿದೆ. ವೇಷ, ಕುಣಿತ ಯಾವುದೂ ಇಲ್ಲದ ತಾಳಮದ್ದಳೆ ಎಂಬ ಪ್ರಕಾರ ಬೆಳೆದು ನಿಂತದ್ದು ಮಾತಿನ ಬಲದಿಂದಲೇ. ಪ್ರವಾಸಿಗರ ಸಂಜೆಯಲ್ಲಿ ಇದು ತಲೆಕೆಳಗಾಗುತ್ತದೆ. ಒಡ್ಡೋಲಗ, ಗಿರಕಿ, ಯುದ್ಧದ ಕುಣಿತ, ಬಣ್ಣದ ವೇಷದ ಆರ್ಭಟ ಉಳಿಯುತ್ತವೆ, ಅರ್ಥಗಾರಿಕೆ ಹೊರಟುಹೋಗುತ್ತದೆ.

ಕೊಡಗಿನ ಉಮ್ಮತ್ತಾಟ ಮತ್ತು ಬೊಳಕಾಟಗಳ ಹಾಡುಗಳು ಕೊಡವ ತಕ್ಕ್‌ನಲ್ಲಿವೆ. ನಡಿಕೇರಿಯಂಡ ಚಿಣ್ಣಪ್ಪ ಅವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯಿಂದಾಗಿ ಕೊಡವ ಹಾಡುಗಳ ದೊಡ್ಡ ಭಂಡಾರವೊಂದು ಲಿಖಿತ ರೂಪದಲ್ಲಿ ಉಳಿದಿದೆ. ಬೆಂಕಿಯ ಸುತ್ತ ಕುಳಿತ ಅತಿಥಿಗಳ ಮಟ್ಟಿಗೆ ಆ ಹಾಡು ಹಿನ್ನೆಲೆಯ ಧ್ವನಿಯಷ್ಟೇ. ಊಟಕ್ಕೂ ಈ ಮಾತು ಅನ್ವಯಿಸುತ್ತದೆ. ಕೈಲ್‌ಪೊಳ್ದ್ ಹಬ್ಬದ ಎಲೆಯ ಮೇಲಿನ ಕಡಂಬುಟ್ಟು ಮತ್ತು ಹಂದಿಮಾಂಸದ ಪಲ್ಯ ಗದ್ದೆಯ ನಾಟಿ ಕೆಲಸ ಮುಗಿಸಿ ಆಯುಧಗಳಿಗೆ ಪೂಜೆ ಸಲ್ಲಿಸಿದ ದಿನದ ಊಟ. ವರ್ಷದ ಯಾವ ದಿನ ಬಂದರೂ ಸಿಗುವ ತಿನಿಸುಗಳ ಪಟ್ಟಿಯಲ್ಲಿ ಅದು ರುಚಿಯಾಗಿ ಉಳಿಯುತ್ತದೆ, ಸಂದರ್ಭವಾಗಿ ಉಳಿಯುವುದಿಲ್ಲ. ಕುಣಿತಕ್ಕೆ ಹಾಡು ಹೇಗೋ ಊಟಕ್ಕೆ ಹಬ್ಬ ಹಾಗೆ. ಎರಡೂ ಅರ್ಥವನ್ನು ಹೊತ್ತ ಘಟಕಗಳು, ಎರಡೂ ಮೊದಲು ಬಿಟ್ಟುಹೋಗುವಂಥವು.

5. ‘ಅಸಲಿತನ’ದ ಪ್ರಶ್ನೆ

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯದೆಲ್ಲ ಅಸಲಿ, ಹೊಸದೆಲ್ಲ ನಕಲಿ ಎಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಅಮೆರಿಕದ ಸಮಾಜವಿಜ್ಞಾನಿ ಡೀನ್ ಮೆಕ್ಯಾನೆಲ್ 1973ರ ತಮ್ಮ ಲೇಖನದಲ್ಲಿ ‘ರಂಗಕ್ಕೇರಿಸಿದ ಅಸಲಿತನ’ ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ಪ್ರವಾಸಿ ಸ್ಥಳೀಯರ ಬದುಕಿನ ಒಳಮನೆಯನ್ನು ನೋಡಲು ಬಯಸುತ್ತಾನೆ, ಪ್ರವಾಸೋದ್ಯಮ ಅವನಿಗಾಗಿ ಒಳಮನೆಯಂತೆ ಕಾಣುವ ಒಂದು ಮುಂಗಟ್ಟನ್ನು ಕಟ್ಟಿಕೊಡುತ್ತದೆ ಎಂಬುದು ಅವರ ವಾದದ ಸಾರ. ಇದಕ್ಕೆ ಪೂರಕವೂ ಪ್ರತಿಯೂ ಆಗಿ ಎರಿಕ್ ಕೊಹೆನ್ 1988ರಲ್ಲಿ ಇನ್ನೊಂದು ಮಾತು ಸೇರಿಸಿದರು. ಇಂದು ಕೃತಕವೆನಿಸುವ ಆಚರಣೆ ಕಾಲಾಂತರದಲ್ಲಿ ಆ ಸಮುದಾಯದ್ದೇ ಆಗಿ ನೆಲೆಗೊಳ್ಳಬಹುದು. ಅಸಲಿತನ ಎಂದೆಂದಿಗೂ ಸ್ಥಿರವಾದುದಲ್ಲ.

ಯಕ್ಷಗಾನದ ಚರಿತ್ರೆ ಕೊಹೆನ್ ಅವರ ಮಾತನ್ನು ಸಮರ್ಥಿಸುತ್ತದೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಡೇರೆ ಮೇಳಗಳು ಬಂದು ಟಿಕೆಟು ಕೊಟ್ಟು ಆಟ ನೋಡುವ ಪದ್ಧತಿ ಬೆಳೆಯಿತು. ‘ಯಕ್ಷಗಾನ ಬಯಲಾಟ’ ಕೃತಿಗಾಗಿ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಶಿವರಾಮ ಕಾರಂತರು ಮುಂದೆ ತಾವೇ ಮಾತನ್ನು ತೆಗೆದು, ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿ, ಎರಡು ಮೂರು ಗಂಟೆಗಳಲ್ಲಿ ಮುಗಿಯುವ ಯಕ್ಷಗಾನ ಬ್ಯಾಲೆಯನ್ನು ರೂಪಿಸಿ ಹೊರನಾಡುಗಳಲ್ಲಿ ಪ್ರದರ್ಶಿಸಿದರು. ಕನ್ನಡ ಬಾರದ ಪ್ರೇಕ್ಷಕರನ್ನು ತಲುಪುವ ಆಶಯ ಅದರ ಹಿಂದಿತ್ತು. ಆ ಪ್ರಯೋಗ ಆಗಲೇ ತೀವ್ರ ಚರ್ಚೆಗೆ ಒಳಗಾಯಿತು. 2000ರ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬಳಕೆಯನ್ನು ನಿರ್ಬಂಧಿಸಿದ್ದು, ಬೆಳಗಿನವರೆಗೆ ಕುಳಿತು ನೋಡುವ ಪ್ರೇಕ್ಷಕರು ಕಡಿಮೆಯಾದದ್ದು ಮುಂತಾದ ಕಾರಣಗಳಿಂದ ಹಲವು ಮೇಳಗಳು ಕಾಲಮಿತಿಯ ಆಟಗಳಿಗೆ ಹೊರಳಿದವು. ಆದ್ದರಿಂದ ಕಾಲದ ಸಂಕ್ಷೇಪ, ಟಿಕೆಟು, ಪರಭಾಷಾ ಪ್ರೇಕ್ಷಕ ಈ ಯಾವುದೂ ಪ್ರವಾಸೋದ್ಯಮ ಮಾತ್ರ ತಂದ ಬದಲಾವಣೆಗಳಲ್ಲ.

ಹಾಗಿದ್ದರೆ ವ್ಯತ್ಯಾಸವೇನು? ಕಾರಂತರ ಬ್ಯಾಲೆಯಲ್ಲಿ ಮಾತನ್ನು ತೆಗೆಯುವ ನಿರ್ಧಾರ ಒಂದು ಕಲಾತ್ಮಕ ನಿರ್ಧಾರವಾಗಿತ್ತು. ಅದನ್ನು ಒಪ್ಪುವವರೂ ಅಲ್ಲಗಳೆಯುವವರೂ ಯಕ್ಷಗಾನದ ಒಳಗಿನಿಂದಲೇ ಮಾತನಾಡಿದರು. ಕಾಲಮಿತಿಯ ಆಟದಲ್ಲಿ ಯಾವ ಪದ್ಯ ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಭಾಗವತ ನಿರ್ಧರಿಸುತ್ತಾನೆ. ಪ್ರವಾಸಿಗರ ಸಂಜೆಯಲ್ಲಿ ಈ ಯಜಮಾನಿಕೆ ಕಲಾವಿದನ ಕೈಯಲ್ಲಿರುವುದಿಲ್ಲ. ಊಟದ ವೇಳೆ ಎಷ್ಟು ಗಂಟೆಗೆ ಎಂಬುದರ ಮೇಲೆ ಮಂಗಳ ಎಷ್ಟು ಗಂಟೆಗೆ ಎಂಬುದು ನಿಂತಿರುತ್ತದೆ. ಬದಲಾವಣೆ ಆಗಿದೆಯೇ ಎಂಬ ಪ್ರಶ್ನೆಗಿಂತ ಬದಲಾವಣೆಯನ್ನು ಯಾರು ಮಾಡುತ್ತಿದ್ದಾರೆ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತವಾದುದು.

ಈ ಸಂಜೆಗಳಿಂದ ಆಗಿರುವ ಉಪಕಾರವನ್ನೂ ಮರೆಯುವಂತಿಲ್ಲ. ಕಂಸಾಳೆ, ಡೊಳ್ಳು ಮೊದಲಾದ ಕಲೆಗಳ ಅನೇಕ ಕಲಾವಿದರು ಕೃಷಿ ಕೂಲಿಯಿಂದ ಬದುಕುವವರು. ಜಾತ್ರೆಯ ತಿಂಗಳುಗಳ ಹೊರಗೆ ಸಿಗುವ ಪ್ರದರ್ಶನ ಅವರಿಗೆ ಒಂದು ಆದಾಯ. ಒಂದು ಕಾಲಕ್ಕೆ ಪುರುಷರದೇ ಆಗಿದ್ದ ಡೊಳ್ಳುಕುಣಿತದಲ್ಲಿ ಮಹಿಳಾ ತಂಡಗಳು ಬೆಳೆಯಲು ಗುಡಿಯ ಅಂಗಳದ ಹೊರಗಿನ ವೇದಿಕೆಗಳು ನೆರವಾಗಿವೆ. ಜಾತಿಯ ಕಟ್ಟುಪಾಡಿನಿಂದ ಗುಡಿಯ ಹೊರಗೆ ನಿಂತು ವಾದ್ಯ ನುಡಿಸಬೇಕಾಗಿದ್ದ ಕಲಾವಿದನಿಗೆ ವೇದಿಕೆಯ ನಡುವೆ ನಿಲ್ಲುವುದು ಸಣ್ಣ ಸಂಗತಿಯಲ್ಲ. ಪರಂಪರೆಯ ಊಟ–ಆಟದ ಸಂಬಂಧವನ್ನು ವರ್ಣಿಸುವಾಗ ಅದರೊಳಗೇ ಇದ್ದ ಪಂಕ್ತಿಭೇದವನ್ನು ಮರೆತರೆ ವಿಶ್ಲೇಷಣೆ ಏಕಮುಖವಾಗುತ್ತದೆ. ಕಲಾವಿದನಿಗೆ ಎಲೆ ಹಾಕಿದ ಅಂಗಳಗಳೆಲ್ಲ ಎಲ್ಲರಿಗೂ ಒಂದೇ ಸಾಲಿನಲ್ಲಿ ಎಲೆ ಹಾಕಿದ ಅಂಗಳಗಳಾಗಿರಲಿಲ್ಲ.

6. ವೇದಿಕೆಗೆ ಬಾರದಿರುವುದು

ಎಲ್ಲ ಕಲೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬುದಕ್ಕೆ ತುಳುನಾಡಿನ ಭೂತಕೋಲ ಸಾಕ್ಷಿ. ಅಲ್ಲಿ ಪಾತ್ರಧಾರಿ ದೈವದ ಪಾತ್ರ ಅಭಿನಯಿಸುವುದಿಲ್ಲ. ನಲಿಕೆ, ಪರವ, ಪಂಬದ ಸಮುದಾಯಗಳ ವ್ಯಕ್ತಿಯ ಮೈಮೇಲೆ ದೈವ ಬರುತ್ತದೆ, ನುಡಿ ಕೊಡುತ್ತದೆ, ಊರಿನ ವ್ಯಾಜ್ಯ ತೀರಿಸುತ್ತದೆ. ಪಾಡ್ದನದ ಮೂಲಕ ದೈವದ ಹುಟ್ಟು ಮತ್ತು ಪ್ರಸರಣದ ಕಥೆ ಹೇಳಲಾಗುತ್ತದೆ. ಇಲ್ಲಿಯೂ ಊಟವಿದೆ, ಆದರೆ ಉಣ್ಣುವುದು ದೈವ. ಬಾರಣೆ ಎಂಬ ಹೆಸರಿನಲ್ಲಿ ದೈವಕ್ಕೆ ಆಹಾರ ಸಲ್ಲಿಸುವುದು ಕೋಲದ ಮುಖ್ಯ ಭಾಗ. 2022ರಲ್ಲಿ ತೆರೆಕಂಡ ‘ಕಾಂತಾರ’ ಚಲನಚಿತ್ರದ ನಂತರ ದೈವದ ವೇಷವನ್ನು ಸಮಾರಂಭಗಳಲ್ಲಿ ಅನುಕರಿಸುವ ಪ್ರವೃತ್ತಿ ಹೆಚ್ಚಿದಾಗ ತುಳುನಾಡಿನ ದೈವಾರಾಧಕರಿಂದ ಪ್ರತಿರೋಧ ಬಂದಿತು. ಪ್ರವಾಸಿಗನ ಊಟದ ಮುಂದೆ ದೈವದ ಊಟವನ್ನು ಪ್ರದರ್ಶಿಸಲಾಗದು ಎಂಬ ಭಾವನೆ ಆ ಪ್ರತಿರೋಧದ ತಳದಲ್ಲಿತ್ತು ಎಂದು ಅರ್ಥೈಸಲು ಅವಕಾಶವಿದೆ.

ಇದೇ ಬಗೆಯ ಬಿಕ್ಕಟ್ಟನ್ನು ಇಂಡೋನೇಷ್ಯಾದ ಬಾಲಿ ದ್ವೀಪ ಎದುರಿಸಿದ ರೀತಿ ಗಮನಾರ್ಹ. ಅಲ್ಲಿ ಪ್ರವಾಸಿಗರಿಗೆ ಬಹು ಪ್ರಿಯವಾದ ‘ಕೆಚಕ್’ ಎಂಬ ರಾಮಾಯಣ ನೃತ್ಯ ಪ್ರಾಚೀನವಾದುದಲ್ಲ. ‘ಸಾಂಗ್ಯಾಂಗ್’ ಎಂಬ ಆವೇಶದ ಆಚರಣೆಯ ಗಂಡಸರ ಮೇಳಗಾಯನವನ್ನು ಆಧರಿಸಿ 1930ರ ದಶಕದಲ್ಲಿ ಅದು ಈಗಿನ ರೂಪ ಪಡೆಯಿತು. ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಮತ್ತು ಬಾಲಿಯ ನರ್ತಕ ವಾಯನ್ ಲಿಂಬಾಕ್ ಅವರ ಹೆಸರುಗಳು ಅದರೊಂದಿಗೆ ಸೇರಿವೆ. ಪ್ರವಾಸಿಗರ ಸಂಖ್ಯೆ ಏರತೊಡಗಿದಾಗ, 1971ರಲ್ಲಿ ನಡೆದ ವಿಚಾರ ಸಂಕಿರಣವೊಂದರಲ್ಲಿ ಬಾಲಿಯ ವಿದ್ವಾಂಸರು ಮತ್ತು ಧಾರ್ಮಿಕ ಪ್ರಮುಖರು ತಮ್ಮ ನೃತ್ಯಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ದೇಗುಲದ ಒಳಗೆ ಪೂಜೆಯ ಅಂಗವಾಗಿ ಮಾತ್ರ ನಡೆಯುವ ‘ವಾಲಿ’, ಆಚರಣೆಯ ಜೊತೆಗೆ ಬರುವ ‘ಬೆಬಾಲಿ’, ರಂಜನೆಗಾಗಿ ಎಲ್ಲಿಯಾದರೂ ಆಡಬಹುದಾದ ‘ಬಾಲಿಹ್‌-ಬಾಲಿಹನ್’. ಯಾವುದನ್ನು ಮಾರಬಹುದು, ಯಾವುದನ್ನು ಮಾರಲಾಗದು ಎಂಬ ಗೆರೆಯನ್ನು ಸಮುದಾಯವೇ ಎಳೆಯಲು ಯತ್ನಿಸಿದ ಪ್ರಸಂಗವಿದು. ಆ ಗೆರೆ ಎಲ್ಲೆಡೆ ಸ್ಪಷ್ಟವಾಗಿ ಉಳಿಯಲಿಲ್ಲ. ಆದರೂ 2015ರಲ್ಲಿ ಯುನೆಸ್ಕೊ ಬಾಲಿಯ ನೃತ್ಯಗಳನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಮೂರು ವರ್ಗಗಳ ಹೆಸರಿನಲ್ಲಿಯೇ ಸೇರಿಸಿತು ಎಂಬುದು ಆ ವಿಂಗಡಣೆಯ ಬಾಳಿಕೆಯನ್ನು ತೋರಿಸುತ್ತದೆ.

7. ಉಪಸಂಹಾರ

ಹವಾಯಿಯ ಕಥೆ ಕೊಡಾಕ್ ಪ್ರದರ್ಶನದೊಂದಿಗೆ ಮುಗಿಯುವುದಿಲ್ಲ. 1970ರ ದಶಕದಲ್ಲಿ ಅಲ್ಲಿ ಸಾಂಸ್ಕೃತಿಕ ಎಚ್ಚರ ಮೂಡಿತು. ಹಿಲೋ ಪಟ್ಟಣದಲ್ಲಿ ರಾಜ ಕಲಾಕಾವುವಾನ ನೆನಪಿಗೆ ನಡೆಯುವ ಉತ್ಸವದಲ್ಲಿ 1971ರಿಂದ ಹುಲಾ ಸ್ಪರ್ಧೆಗಳು ಆರಂಭವಾದವು. 1978ರಲ್ಲಿ ಹವಾಯಿ ಭಾಷೆ ರಾಜ್ಯದ ಅಧಿಕೃತ ಭಾಷೆಗಳಲ್ಲಿ ಒಂದಾಯಿತು. 1984ರಲ್ಲಿ ಆ ಭಾಷೆಯ ಮಾಧ್ಯಮದ ಶಿಶುವಿಹಾರಗಳು ತೆರೆದವು. ಭಾಷೆ ಮರಳಿದಂತೆ ಮೆಲೆ ಮರಳಿತು, ಹುಲಾ ಮತ್ತೆ ಕಾವ್ಯದ ವ್ಯಾಖ್ಯಾನವಾಯಿತು. ಪ್ರವಾಸಿಗರ ಲೂವಾವ್ ಇಂದಿಗೂ ನಡೆಯುತ್ತಿದೆ. ಆದರೆ ಅದರ ಹೊರಗೆ, ಪ್ರವಾಸಿಯ ನೋಟಕ್ಕೆ ಕಾಯದ ಒಂದು ಹುಲಾ ಜೀವಂತವಾಗಿದೆ. ಕಲೆಯ ಪುನರುಜ್ಜೀವನ ಅಲ್ಲಿ ಭಾಷೆಯ ಪುನರುಜ್ಜೀವನದೊಂದಿಗೆ ಹೆಣೆದುಕೊಂಡೇ ಬಂದಿತು ಎಂಬುದು ಕನ್ನಡ ಅಧ್ಯಯನಕ್ಕೆ ಮುಖ್ಯವಾದ ಪಾಠ.

ಈ ಹಿನ್ನೆಲೆಯಲ್ಲಿ ಕನ್ನಡ ಮತ್ತು ಜಾನಪದ ವಿಭಾಗಗಳ ಮುಂದೆ ಮೂರು ಕೆಲಸಗಳಿವೆ. ಮೊದಲನೆಯದು, ಪ್ರವಾಸಿಗರ ಸಂಜೆಗಳನ್ನು ‘ಕಲಬೆರಕೆ’ ಎಂದು ಬದಿಗಿಡದೆ ಕ್ಷೇತ್ರಕಾರ್ಯದ ವಸ್ತುವನ್ನಾಗಿ ಸ್ವೀಕರಿಸುವುದು. ಒಂದೇ ತಂಡ ಜಾತ್ರೆಯಲ್ಲಿ ಹಾಡುವ ಪಠ್ಯವನ್ನೂ ವಿಹಾರಧಾಮದಲ್ಲಿ ಹಾಡುವ ಪಠ್ಯವನ್ನೂ ದಾಖಲಿಸಿ ಹೋಲಿಸಿದರೆ ಬಿಟ್ಟುಹೋದದ್ದು ಯಾವುದು ಎಂಬುದು ಅಂದಾಜಿನ ಮಾತಾಗಿ ಉಳಿಯುವುದಿಲ್ಲ. ಎರಡನೆಯದು, ಕುಳಿತು ಹಾಡುವ ಕಥನಕ್ಕೆ, ಅರ್ಥಗಾರಿಕೆಗೆ, ಪಾಡ್ದನಕ್ಕೆ ಮಾರುಕಟ್ಟೆ ಕೊಡದ ಕೇಳುಗರನ್ನು ಕಾಲೇಜು ಮತ್ತು ವಿಶ್ವವಿದ್ಯಾಲಯಗಳು ಒದಗಿಸುವುದು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಮತ್ತು 2011ರಲ್ಲಿ ಗೊಟಗೋಡಿಯಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯ ಇದಕ್ಕೆ ನೆಲೆಗಳಾಗಬಲ್ಲವು. ಮೂರನೆಯದು, ಯಾವುದು ವೇದಿಕೆಗೆ ಬರಬಹುದು ಎಂಬ ನಿರ್ಧಾರವನ್ನು ವಿದ್ವಾಂಸರಾಗಲಿ ಉದ್ಯಮದವರಾಗಲಿ ತಾವೇ ತೆಗೆದುಕೊಳ್ಳದೆ, ಆಯಾ ಸಮುದಾಯದ ಕಲಾವಿದರನ್ನು ಕೂಡಿಸಿ ಕೇಳುವುದು.

ಪ್ರವಾಸಿ ಬರುವುದು ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಬಂದವರಿಗೆ ಉಣಿಸುವುದು, ಆಟ ತೋರಿಸುವುದು ಈ ನಾಡಿನ ಹಳೆಯ ಗುಣ. ಆದರೆ ಆತಿಥ್ಯ ಎಂಬ ಮಾತಿಗೆ ಅರ್ಥ ಉಳಿಯಬೇಕಾದರೆ ಆತಿಥೇಯ ಯಾರು ಎಂಬುದು ನಿಶ್ಚಯವಾಗಬೇಕು. ಕಲಾವಿದ ಆ ಸ್ಥಾನದಲ್ಲಿದ್ದರೆ, ತನ್ನ ಕಾವ್ಯದ ಎಷ್ಟು ಭಾಗವನ್ನು ಯಾರ ಮುಂದೆ ಹಾಡಬೇಕು ಎಂಬುದನ್ನು ಅವನೇ ನಿರ್ಧರಿಸುವಂತಿದ್ದರೆ, ಆಟ ಮುಗಿದ ಮೇಲೆ ಅವನ ಎಲೆಯೂ ಅದೇ ಪಂಕ್ತಿಯಲ್ಲಿ ಬಿದ್ದರೆ, ಮುಕ್ಕಾಲು ಗಂಟೆಯ ಪ್ರದರ್ಶನವೂ ಪರಂಪರೆಯ ಒಂದು ಮುಂದುವರಿಕೆಯಾಗಬಲ್ಲದು. ಹಾಗಿಲ್ಲದಿದ್ದರೆ ರಾತ್ರಿಯಿಡೀ ನಡೆದ ಪ್ರದರ್ಶನವೂ ಬರಿಯ ನೋಟವಾಗಿಯೇ ಉಳಿಯುತ್ತದೆ.